ಜೋಡಿ ತಂತಿ

ನಮ್ಮ ಗಿಟಾರಿನ ಹೊಟ್ಟೆಗೆ ಮೂಗು ಹಚ್ಚಿದರೆ
ಬೇಯಿಸಿದ ರೇಷ್ಮೆಹುಳದ ವಾಸನೆ.
ಶಿಡ್ಲಘಟ್ಟದಲ್ಲಿ ಹುಟ್ಟಿದವರಿಗೆ ಅದು ವಾಸನೆಯಲ್ಲ,
ಗಾಳಿ.
ಹೊರಗಿನಿಂದ ಬಂದ ನೆಂಟರು ಮಾತ್ರ
ಕರವಸ್ತ್ರ ತೆಗೆದು, ನಮ್ಮ ಮುಖ ನೋಡಿ
ಮತ್ತೆ ಜೇಬಿಗೆ ಇಟ್ಟುಕೊಳ್ಳುತ್ತಾರೆ.

ಭಾನುವಾರ ಸಂಜೆ. ಇನಾಯತ್ ಭಾಯಿಯ
ನೂಲು ಬಿಚ್ಚುವ ಮನೆಯಲ್ಲಿ ಒಲೆ ಆರಿ ಗಂಟೆಯಾಗಿಲ್ಲ,
ತಾರಸಿ ಇನ್ನೂ ಅಡಿಯಿಂದ ಬೆಚ್ಚಗಿದೆ.
ಚಾಪೆ ಬೇಡವೇ ಬೇಡ ಅನ್ನುತ್ತಾರೆ ನಮ್ಮತ್ತೆ ಪಿಳ್ಳಮ್ಮ,
ಮಂಡಿಗೆ ಇಂಥ ಶಾಖ ಯಾವ ಡಾಕ್ಟರು ಕೊಟ್ಟಾನು.

ಗಿಟಾರು ನನ್ನದು. ಅಂದರೆ, ನನ್ನ ತಮ್ಮನದು.
ಡಿಗ್ರಿ ಎರಡನೇ ವರ್ಷ ಯಾರಿಗಾಗಿಯೋ ಕೊಂಡ;
ಆಕೆ ಮದುವೆಯಾಗಿ ಚಿಂತಾಮಣಿಗೆ ಹೋದಳು,
ಗಿಟಾರು ಅಟ್ಟಕ್ಕೆ ಹೋಯಿತು.
ಇಳಿಸಿದವಳು ನಾನು, ನಲವತ್ತೆರಡನೇ ವಯಸ್ಸಲ್ಲಿ,
ಉಪ್ಪಿನಕಾಯಿ ಜಾಡಿ ಹುಡುಕುತ್ತ.
ಬ್ಲೌಸು ಹೊಲಿದು ಹೊಲಿದು
ಎಡಗೈ ಬೆರಳು ಆಗಲೇ ಜಡ್ಡುಗಟ್ಟಿತ್ತು.
ಅರ್ಧ ಪಾಠ ಸೂಜಿಯೇ ಕಲಿಸಿತ್ತು ಅನ್ನಿ.

ಭಾಯಿಯದು ಮ್ಯಾಂಡೊಲಿನ್.
ಮುಚ್ಚಿಹೋದ ಬ್ಯಾಂಡ್‌ಸೆಟ್ಟಿನವರು
ಮೂರು ಕಿಲೋ ಗೂಡಿನ ರೇಟಿಗೆ ಕೊಟ್ಟದ್ದು.
ಬಿಸಿನೀರಲ್ಲಿ ಎಳೆ ಹುಡುಕಿ ಹುಡುಕಿ
ರೇಖೆಯೇ ಅಳಿಸಿಹೋದ ಬೆರಳು ಅವರದು;
ರೇಷನ್ ಅಂಗಡಿಯ ಯಂತ್ರ ಗುರುತು ಹಿಡಿಯುವುದಿಲ್ಲ,
ಮ್ಯಾಂಡೊಲಿನ್ ಹಿಡಿಯುತ್ತದೆ.

ಎಂಟು ತಂತಿ, ನಾಲ್ಕೇ ಸ್ವರ.
ಎಷ್ಟು ತಿರುವಿದರೂ ಜೋಡಿಯಲ್ಲೊಂದು
ಕೂದಲೆಳೆಯಷ್ಟು ಮೇಲೆ.
ನಾನೂ ನನ್ನ ಓರಗಿತ್ತಿಯೂ ಹೀಗೇ,
ಒಂದೇ ಮಾತಾಡುತ್ತೇವೆ, ಒಂದೇ ಅಂತ ಒಪ್ಪುವುದಿಲ್ಲ.

ನನಗೆ ಬರುವುದು ಮೂರು ಕಾರ್ಡು.
ನಾಲ್ಕನೆಯದು ಎಫ್,
ಅದಕ್ಕೂ ನನ್ನ ತೋರುಬೆರಳಿಗೂ ಮಾತಿಲ್ಲ.
ಎಫ್ ಬರುವ ಹೊತ್ತಿಗೆ ತಾರಸಿಯೆಲ್ಲ ನಿಲ್ಲುತ್ತದೆ,
ರೈಲ್ವೆ ಗೇಟು ಹಾಕಿದ ಹಾಗೆ.
ಎಣ್ಣೆಡಬ್ಬ ಬಡಿಯುತ್ತಿದ್ದ ಮುನಿಕೃಷ್ಣ, ನನ್ನ ಗಂಡ,
ಕೈ ಗಾಳಿಯಲ್ಲೇ ಹಿಡಿದು ಕಾಯುತ್ತಾನೆ.
ಶಮಶಾದ್ ಟೀ ಸೋಸುತ್ತಾಳೆ.
ಮಗಳು ಇಂಚರ ಫೋನಿನ ಬೆಳಕಲ್ಲಿ
ನನ್ನ ಬೆರಳುಗಳನ್ನು ಒಂದೊಂದಾಗಿ ಇಡುತ್ತಾಳೆ,
ನಾನು ಅವಳಿಗೆ ಅಕ್ಷರ ತಿದ್ದಿಸಿದ ಹಾಗೇ,
ಅಷ್ಟೇ ಸಿಡಿಮಿಡಿಯಲ್ಲಿ.

ಒಮ್ಮೆ ಅತ್ತೆ, ಯಾರೂ ಕೇಳದೆ,
ಅವರಮ್ಮ ರಾಗಿ ಬೀಸುವಾಗ ಗುನುಗುತ್ತಿದ್ದುದನ್ನು ತೆಗೆದರು.
ಅರ್ಧ ತೆಲುಗು, ಅರ್ಧ ಕನ್ನಡ,
ನಡುವೆ ಹಿಟ್ಟು ಒತ್ತರಿಸುವಷ್ಟು ಬಿಡುವು.
ಭಾಯಿ ಕತ್ತಲಲ್ಲಿ ತಡಕಾಡಿದರು,
ತಪ್ಪು, ತಪ್ಪು, ಮತ್ತೊಂದು ತಪ್ಪು,
ಆಮೇಲೆ ಬಾಣಲೆಯಲ್ಲಿ ಎಳೆ ಸಿಕ್ಕ ಹಾಗೆ ಸಿಕ್ಕಿತು.
ಒಮ್ಮೆ ಸಿಕ್ಕಿದರೆ ಸಾಕು, ಗೂಡು ತಾನೇ ಸುತ್ತುತ್ತದೆ.
ಅತ್ತೆ ಬೆಚ್ಚಿ ಹಾಡು ನಿಲ್ಲಿಸಿ ಅಂದರು:
‘ಇದು ನಿನಗೆ ಯಾರು ಹೇಳಿದ್ದು?’

ಹೋದ ತಿಂಗಳು ಸಣ್ಣ ಜೋಡಿಯಲ್ಲಿ ಒಂದು ತಂತಿ ಕಡಿಯಿತು.
ಚಿಕ್ಕಬಳ್ಳಾಪುರವೆಲ್ಲ ಸುತ್ತಿ ಬಂದರು.
ಗಿಟಾರಿನದುಂಟು, ಪಿಟೀಲಿನದುಂಟು,
ಮ್ಯಾಂಡೊಲಿನ್ ಅಂದರೆ ಅಂಗಡಿಯವನು
‘ಅದು ಈಗಲೂ ಇದೆಯಾ’ ಅಂದನಂತೆ.
ಅವತ್ತೇ ರಾತ್ರಿ ಭಾಯಿ
ನಲವತ್ತು ಎಳೆ ಹಸಿರೇಷ್ಮೆ ಹುರಿಮಾಡಿ, ಮೇಣ ಸವರಿ,
ಆ ಖಾಲಿ ಗೂಟಕ್ಕೆ ಕಟ್ಟಿದರು.

ಉಕ್ಕು ಕೂಗಿತು. ರೇಷ್ಮೆ
ಪಕ್ಕದ ಕೋಣೆಯಿಂದ ಯಾರೋ ‘ಹೂಂ’ ಅಂದ ಹಾಗೆ.
‘ಕೆಮ್ಮುತ್ತಿದೆ’ ಅಂದಳು ಇಂಚರ.
ನಗು ಬಿದ್ದು ಶಮಶಾದಳ ಸೆರಗೆಲ್ಲ ಟೀ.

ಹೊಸ ತಂತಿ ಕೊರಿಯರಿನಲ್ಲಿ ಬಂದು ಎರಡು ವಾರ.
ಕಿಟಕಿಯಲ್ಲಿ, ಬಾಚಣಿಗೆ ಪಕ್ಕ, ಪೊಟ್ಟಣ ಹಾಗೇ ಇದೆ.
ಯಾರೂ ಒಡೆದಿಲ್ಲ.
ಯಾಕೆ ಅಂತ ಯಾರೂ ಕೇಳಿಲ್ಲ.

ಈ ವಾರ ನನಗೆ ಎಫ್ ಬಂತು.
ಒಂದೇ ಸಲ, ಆರೂ ತಂತಿ, ಒಂದೂ ಉಸಿರುಕಟ್ಟದೆ.
ಸರಿಯಾಗಿ ಆಗಲೇ ಬೀದಿಗೆ ನೀರು ಬಿಟ್ಟರು,
ಎಲ್ಲರೂ ಬಿಂದಿಗೆ ಹಿಡಿದು ಮೆಟ್ಟಿಲಿಳಿದು ಓಡಿದರು.
ನಾನೂ ಓಡಿದೆ.
ನಲ್ಲಿ ಸಾಲಲ್ಲಿ ನಿಂತಾಗ ನೋಡಿದೆ,
ಬೆರಳು ಇನ್ನೂ ಹಾಗೇ ಕೊಂಕಿ ಕೂತಿತ್ತು,
ಬಿಂದಿಗೆಯ ಕೊರಳ ಮೇಲೆ.