ದೂಮ ತಾಂಡೇಲರ ಪೆಟ್ಟಿಗೆ

ಮಲ್ಪೆಯ ಬೋಟುಗಳೆಲ್ಲ ದಡಕ್ಕೆ ಬಂದು
ಒಂದರ ಮೈಗೊಂದು ಒರಗಿ ನಿಂತ ಜೂನಿನಲ್ಲಿ,
ಅರವತ್ತೊಂದು ದಿನದ ರಜೆಯ ಹನ್ನೊಂದನೆಯ ದಿನ,
ದೂಮ ತಾಂಡೇಲರು ನನ್ನ ಅಂಗಡಿಗೆ ಬಂದರು.
ಕಂಕುಳಲ್ಲಿ ಥರ್ಮೊಕೋಲಿನ ಮೀನಿನ ಪೆಟ್ಟಿಗೆ,
ಮೇಲೊಂದು ಟವೆಲು, ಮಗುವಿಗೆ ಹೊದಿಸಿದ ಹಾಗೆ.

"ಫ್ಲೋಸಿ ಬಾಯಮ್ಮ, ಬಾಗಿಲು ಹಾಕಿ.
ಇದು ಹೊರಗೆ ಗೊತ್ತಾದರೆ
ಮೆಸ್ಕಾಂನವರು ನನ್ನನ್ನು ಬಿಡಲಿಕ್ಕಿಲ್ಲ."

ಬಾಗಿಲೆಂತದ್ದು, ಇರುವುದೊಂದು ಶಟರು,
ಅದೂ ಉಪ್ಪುಗಾಳಿಗೆ ಅರ್ಧದಲ್ಲೇ ನಿಲ್ಲುತ್ತದೆ.

ಒಳಗೆ ಒಂದು ಬದಿಗೆ
ಕ್ಯಾಬಿನ್ನಿನ ಮಾಡಿನಿಂದ ಕಿತ್ತ ಸೋಲಾರ್ ಹಲಗೆ,
ಎದುರು ಬದಿಗೆ ಎಲ್‌ಇಡಿ ದೀಪ,
ನಡುವೆ ಕೆಂಪು ಕಪ್ಪು ಎರಡು ವಯರು;
ಗಂಟು ಮಾತ್ರ ಅಪ್ಪಟ ಬಲೆಯ ಗಂಟು.
ಸುತ್ತ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ,
ಬೆಳಕು ಒಂದು ತೊಟ್ಟೂ ಚೆಲ್ಲದ ಹಾಗೆ.

"ದೀಪ ಹಲಗೆಗೆ ಬೆಳಕು ಕೊಡ್ತದೆ,
ಹಲಗೆ ದೀಪಕ್ಕೆ ಕರೆಂಟು ಕೊಡ್ತದೆ.
ಈ ಮಳೆಯಲ್ಲಿ ಸೂರ್ಯನನ್ನು ಕಾಯುವುದು ಯಾಕೆ?
ಸುರುವಿಗೊಮ್ಮೆ ಬ್ಯಾಟರಿ ಮುಟ್ಟಿಸಿದರೆ ಸಾಕು,
ಇಂಜಿನಿಗೆ ಹ್ಯಾಂಡಲ್ ಹೊಡೆದ ಹಾಗೆ.
ಆದರೆ ನಿಲ್ಲುವುದಿಲ್ಲ.
ಎಲ್ಲೋ ಲೂಸ್ ಕಾಂಟ್ಯಾಕ್ಟ್, ನೋಡಿ."

ನೋಡಿದೆ. ಲೂಸ್ ಇರಲಿಲ್ಲ ಎಲ್ಲಿಯೂ.
ಬ್ಯಾಟರಿ ಮುಟ್ಟಿಸಿದೆ: ಪೆಟ್ಟಿಗೆ ಬೆಳಗಿತು, ಅವರ ಮುಖವೂ.
ತೆಗೆದೆ: ಕತ್ತಲೆ.
ರೆಪ್ಪೆ ಬೀಳುವಷ್ಟೂ ಹೊತ್ತು ಹಿಡಿಯಲಿಲ್ಲ.
ಮತ್ತೊಮ್ಮೆ. ಮತ್ತೂ ಒಮ್ಮೆ.
ಪೆಟ್ಟಿಗೆಯ ತೂತಿಗೆ ಕಣ್ಣಿಟ್ಟು ಅವರು
ನೀರಿನ ಬಣ್ಣದಲ್ಲಿ ಮೀನಿನ ಹಿಂಡು ಹುಡುಕುವವರಂತೆ
ಉಸಿರು ಹಿಡಿದಿದ್ದರು.

ಡಿಪ್ಲೊಮಾದಲ್ಲಿ ಇದಕ್ಕೊಂದು ಸೂತ್ರ ಕಲಿಸಿದ್ದರು ನನಗೆ.
ಅವರೆದುರು ಅದು ಬಾಯಿಗೆ ಬರಲಿಲ್ಲ.

ತಾಂಡೇಲರೇ, ಹಲಗೆಯ ದಕ್ಕೆಯಲ್ಲಿ
ನೂರು ಬುಟ್ಟಿ ಬೆಳಕು ಇಳಿಯಿತು ಅಂತ ಇಟ್ಟುಕೊಳ್ಳಿ.
ಅದು ಕರೆಂಟು ಮಾಡಿ ಕೊಡುವುದು ಇಪ್ಪತ್ತು.
ಆ ಇಪ್ಪತ್ತರಲ್ಲಿ ದೀಪ ಬೆಳಕು ಮಾಡುವುದು ಎಂಟು.

ನಾನು ಮುಗಿಸುವ ಮೊದಲೇ ಅವರ ಬೆರಳು ಓಡುತ್ತಿತ್ತು,
ಡೀಸೆಲಿಗಿಷ್ಟು, ಮಂಜುಗಡ್ಡೆಗಿಷ್ಟು,
ಏಲಂನವನಿಗೆ, ಧಣಿಗೆ…
"ಎಂಟಕ್ಕೆ ಒಂದೂವರೆ, ಒಂದೂವರೆಗೆ ಅರ್ಧ.
ಇದರಲ್ಲಿ ಖಲಾಸಿಗೆ ಎಂತ ಉಳಿಯುವುದು ಮಾರಾಯ್ತಿ?"

ಮತ್ತೆ ಥಟ್ಟನೆ ತಲೆಯೆತ್ತಿ:
"ಆ ಎಂಬತ್ತು ತಿಂದದ್ದು ಯಾರು?
ಮೂವತ್ತು ವರ್ಷದಲ್ಲಿ ಅಂಥ ಏಲಂನವನನ್ನು ನಾನು ನೋಡಲಿಲ್ಲ."

ಅವರ ಕೈ ಹಿಡಿದು ದೀಪದ ಬೆನ್ನಿಗೆ ಮುಟ್ಟಿಸಿದೆ, ಆಮೇಲೆ ಹಲಗೆಯ ಬೆನ್ನಿಗೆ.
ಬೆಚ್ಚಗಿತ್ತು.
ಕಳವಾದದ್ದಲ್ಲ, ಇಲ್ಲೇ ಉಂಟು;
ಮುದುಡಿ ಮಲಗಿದೆ, ಇನ್ನು ಎಬ್ಬಿಸಿದರೂ
ದೋಣಿಗೆ ಬರುವ ಆಳಲ್ಲ.

"ಹಲಗೆ ದೊಡ್ಡದು ಹಾಕಿದರೆ?"
ಬಾಲ್ದಿಯಲ್ಲಿ ಎಷ್ಟು ದೊಡ್ಡ ಬಲೆ ಬಿಟ್ಟರೂ
ಸಿಗುವುದು ಬಾಲ್ದಿಯ ಮೀನೇ ಅಲ್ಲವಾ.
ಒಂದು ಬುಟ್ಟಿಯೂ ಕೆಡದ ಲೋಕ ಅಂತಲೇ ಇಟ್ಟುಕೊಳ್ಳಿ,
ಅಲ್ಲಿಯೂ ಅದು ತನ್ನನ್ನು ತಾನು ಸಾಕಿಕೊಂಡೀತು, ಅಷ್ಟೇ.
ನಿಮಗೆ ಕೊಟ್ಟರೆ ಅದಕ್ಕೆ ಕಡಿಮೆ.
ನೀವು ತೂತಿನಲ್ಲಿ ಇಣುಕಿದಿರಲ್ಲ,
ಅದೂ ಖರ್ಚೇ.

ತಗಡಿನ ಮೇಲೆ ಮಳೆ ಒಂದು ಸುತ್ತು ಹೊಡೆದು ಹೋಯಿತು.
"ಹಾಗಾದರೆ ಸೂರ್ಯನಿಗೆ ಕೊಡುವುದು ಯಾರು?"
ಯಾರೂ ಇಲ್ಲ. ಅವನೂ ಗಂಟು ಬಿಚ್ಚಿ ತಿನ್ನುವವನೇ.
ಗಂಟು ದೊಡ್ಡದು.
ತಾಂಡೇಲರು ಅರ್ಧ ಶಟರಿನಡಿ ಬಗ್ಗಿ
ಆಕಾಶ ಇರಬೇಕಾದ ಕಡೆ ನೋಡಿದರು:
"ಅವನ ರಜೆ ಯಾವಾಗ ಸುರು?"

ನಾನು ಬ್ಯಾಟರಿಯ ದುಡ್ಡು ಮಾತ್ರ ತೆಗೆದುಕೊಂಡೆ.

ಆಗಸ್ಟಿನಲ್ಲಿ ಹಲಗೆ ಮಾಡಿಗೆ ಮರಳಿತು, ಬೋಟು ಕಡಲಿಗೆ.
ಪೆಟ್ಟಿಗೆಯಲ್ಲಿ ಈಗ ಅವರ ಹೆಂಡತಿ ಜಲಜಕ್ಕನ ಒಣಮೀನು.
ಬೆಳ್ಳಿ ಕಾಗದಕ್ಕೆ ಇರುವೆ ಹತ್ತುವುದಿಲ್ಲವಂತೆ.
ತೂತು ಮುಚ್ಚಲು ಮಾತ್ರ
ತಾಂಡೇಲರು ಬಿಟ್ಟಿಲ್ಲ.