ಯಾವ ಕಡೆ ಮೇಲು

ಒಂದೇ ಸಾಲಿನ ಇಮೇಲು:
"ಹದಿನೇಳನೇ ಕಲ್ಲಿನ ಬಾಣದ ಗುರುತು ಅಳಿಸಿದೆ.
ದಯವಿಟ್ಟು ತಿಳಿಸಿ, ಯಾವ ಕಡೆ ಮೇಲು?"

ಬರೆದವಳು ಆ ಕಡೆಯ ಹುಡುಗಿ, ಸಿಗ್ರಿಡ್.
ಹೋದ ಮಾಗಿಯಲ್ಲಿ ಬಂದಿದ್ದಳು,
ಮೂಗಿಗೆ ಬಿಳಿ ಮುಲಾಮು ಮೆತ್ತಿಕೊಂಡು
ಮರಡಿಹಳ್ಳಿಯಿಂದಾಚೆ, ಸರ್ಕಾರದ ಬೇಲಿಗೂ ಆಚೆ,
ಬೋರೆಯ ಮೇಲೆ ಕಲ್ಲಿನ ದಿಂಬುಗಳನ್ನು
ತಟ್ಟಿ ತಟ್ಟಿ ನೋಡಿದ್ದಳು.
ದಿಂಬೇ ಹೌದು. ಕಡಲ ತಳದಲ್ಲಿ ಬೆಂಕಿ ಉಕ್ಕಿ
ನೀರು ತಾಕಿದ್ದೇ ಬೆಚ್ಚಿ ಉಂಡೆಗಟ್ಟಿದ್ದು.
ಇಲ್ಲಿ ಕಡಲಿತ್ತು ಅಂದದ್ದಕ್ಕೆ
ಟ್ಯಾಂಕರಿಗೆ ಕೊಡ ಹಿಡಿದು ನಿಂತವರು
ಸೆರಗು ಬಾಯಿಗಿಟ್ಟು ನಕ್ಕಿದ್ದರು.

ಅದಕ್ಕೂ ಮೊದಲು ಒಡಂಬಡಿಕೆ.
ದುರ್ಗದ ಸಭಾಂಗಣ, ಎರಡು ಬಾವುಟ,
ಅವರ ಡೀನರ ಕಣ್ಣಿನ ತನಕ ಇಳಿದ ಮೈಸೂರು ಪೇಟ.
ಮೂರನೇ ಕಲಮು: ಉಭಯ ಪಕ್ಷಗಳು ಸಮಾನ ಪಾಲುದಾರರು.
ಹತ್ತು ಪ್ರತಿ ಜೆರಾಕ್ಸ್ ಮಾಡಿದವಳು ನಾನು.
ಟೋನರ್ ಮುಗಿದು ಕೊನೆಯದು ಮಸುಕಾಯಿತು.
ಅದು ನಮ್ಮ ಕಡತಕ್ಕೆ.

ನಾನು ಖಮರುನ್ನಿಸಾ. ಭೂವಿಜ್ಞಾನ ವಿಭಾಗ,
ಗುತ್ತಿಗೆ, ಹನ್ನೊಂದು ವರ್ಷ.
ಕೆಲಸ ಕಲ್ಲು ತೇಯುವುದು.
ಗಾಜಿಗೆ ಅಂಟಿಸಿ, ಕರಿ ಪುಡಿಯಲ್ಲಿ
ತೇಯ್ದು ತೇಯ್ದು ಕೂದಲಿಗಿಂತ ತೆಳುವಾದಾಗ
ಕಲ್ಲಿನೊಳಗಿಂದ ಬೆಳಕು ಹಾಯುತ್ತದೆ.
ಎಷ್ಟು ಸಾಕೆಂದು ಬೆರಳಿಗೆ ಗೊತ್ತು.
ಒಂದು ಸುತ್ತು ಹೆಚ್ಚಾದರೆ ಕಲ್ಲೇ ಇಲ್ಲ.

ಅವರು ಕಳಿಸಿದ ಯಂತ್ರ ತಾನೇ ತೇಯುತ್ತದಂತೆ.
ನಮ್ಮ ಕರೆಂಟು ಒಗ್ಗದೆ ಮೂಲೆ ಹಿಡಿದಿದೆ,
ಹಳೇ ಬ್ಯಾನರು ಹೊದ್ದು.
ಎರಡೂ ಕಡೆಯ ವರದಿಯಲ್ಲಿ ಅದರ ಫೋಟೊ ಚೆನ್ನಾಗಿ ಬಂದಿದೆ.

ಮೂವತ್ತೆಂಟು ಕಲ್ಲು ಹೋದವು.
ಕೊರಿಯರ್ ಚೀಟಿಯ ಬೆಲೆಯ ಕಾಲಮ್ಮಿನಲ್ಲಿ
ಸೊನ್ನೆ ಹಾಕಮ್ಮ ಅಂದರು. ಹಾಕಿದೆ.
ಜೊತೆಗೆ ಹೋಗಬೇಕಿದ್ದವನು ಗಾದ್ರಿಪಾಲಯ್ಯ,
ಪ್ರತಿ ಬೋರೆಯ ಹೊಟ್ಟೆ ಬೆನ್ನು ಬಲ್ಲ ಹುಡುಗ.
ಪಾಸುಪುಸ್ತಕ ತೆಳುವಾಯಿತೆಂದು ವೀಸಾ ಸಿಗಲಿಲ್ಲ.
ತೆಳುವಾದರೆ ಬೆಳಕು ಹಾಯುವುದು
ಕಲ್ಲಿಗೆ ಮಾತ್ರ.

ಸಿಗ್ರಿಡ್ ಕೆಟ್ಟವಳಲ್ಲ.
ನನ್ನ ಸವೆದ ಬೆರಳ ತುದಿ ನೋಡಿ
ಡಜನ್ ಕೈಗವಸು ಕಳಿಸಿದ್ದಾಳೆ.
ಅವು ಹಾಕಿಕೊಂಡರೆ ಕಲ್ಲು ಮಾತಾಡುವುದು ಕೇಳಿಸದು,
ಅದನ್ನು ಹೇಳಲು ನನ್ನ ಇಂಗ್ಲಿಷು ಸಾಲದು.
ಇಮೇಲಿನ ಜೊತೆ ಲೇಖನದ ಕರಡೂ ಇದೆ.
ಏಳು ಹೆಸರು; ನಮ್ಮ ಮೇಷ್ಟ್ರದು ಐದನೆಯದು.
ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ,
"ಸ್ಥಳೀಯ ಸಿಬ್ಬಂದಿಗೆ ಕೃತಜ್ಞತೆ."

ಗಾದ್ರಿಪಾಲಯ್ಯನಿಗೆ ಫೋನು ಹಚ್ಚಿದೆ.
ಚಳ್ಳಕೆರೆಯ ಕಾಲೇಜಲ್ಲಿ ಅತಿಥಿ ಉಪನ್ಯಾಸಕ ಈಗ,
ಹಿಂದೆ ಬೆಂಚು ಎಳೆಯುವ ಸದ್ದು.

"ಹದಿನೇಳಾ? ಜಾಲಿ ಬುಡದ್ದು ಅಕ್ಕಾ.
ದಿಂಬಿನ ಉಬ್ಬಿದ ಬೆನ್ನು ಮೇಲಿರ್ತದೆ,
ಚೂಪು ಬಾಲ ಕೆಳಗೆ, ಪುಸ್ತಕದ ಪ್ರಕಾರ.
ಆದ್ರೆ ಅಲ್ಲಿ ಪದರಾನೇ ಮಗುಚಿ ಬಿದ್ದಿದೆ,
ಬಾಲ ಆಕಾಶಕ್ಕೆ.
ಕಡಲಿದ್ದಾಗಿನ ಮೇಲು ಈಗ ಕೆಳಗೆ.
ಅವರಿಗೆ ಯಾವಾಗಿನ ಮೇಲು ಬೇಕು, ಕೇಳು."

ಅಷ್ಟನ್ನೇ ಟೈಪು ಮಾಡಿದೆ, ತಪ್ಪೋ ನೆಪ್ಪೋ.
ಕೆಳಗೆ, ಹೇಳಿದವರು ಯಾರೆಂದು,
ಅವನ ಹೆಸರು.
ಅವರ ಲಿಪಿಯಲ್ಲಿ ಹನ್ನೆರಡು ಅಕ್ಷರ.
ಒಂದೊಂದನ್ನೂ ಒತ್ತಿ,
ಬೆರಳಿಟ್ಟು ಎಣಿಸಿ,
ಕಳಿಸಿದೆ.