ಎರಡು ಗಾಳಿಗಳ ನಡುವೆ

ಪೆಟ್ಟಿಗೆಯಲ್ಲಿ ಇದ್ದದ್ದು ಇಷ್ಟು:
ತೋಳುದ್ದದ ಕಾಗದದ ಕೊಳವೆ, ಪ್ಲೈವುಡ್ಡಿನ ನಾಲ್ಕು ರೆಕ್ಕೆ,
ಪ್ಲಾಸ್ಟಿಕ್ಕಿನ ಮೂತಿ, ಚಡ್ಡಿಗೆ ಹಾಕುವಂಥ ಇಲಾಸ್ಟಿಕ್ಕು,
ಮೂವತ್ತೆರಡು ಹಂತಗಳ ಒಂದು ಹಾಳೆ.
ಹದಿನೇಳನೆಯದರಲ್ಲಿ ಮಿಥಿಲಾ ನಿಂತಳು.
"ಮಾಮ, ಎಪಾಕ್ಸಿ ಕಲಸುವುದು ಹೇಗೆ?"

ಅಕ್ಕನ ಮಗಳು. ನನ್ನನ್ನು ಅವಳು ಏನಾದರೂ ಕೇಳಿದ್ದು
ಏಳನೇ ಕ್ಲಾಸಿನ ಗಣಿತದ ನಂತರ ಇದೇ.
ಗಣಿತ ಆಗಲೂ ಬರುತ್ತಿರಲಿಲ್ಲ.
ಅಂಟು ಬರುತ್ತದೆ.
ಮಲ್ಪೆಯ ಯಾರ್ಡಿನಲ್ಲಿ ಹತ್ತೊಂಬತ್ತು ವರ್ಷ
ದೋಣಿಯ ಅಚ್ಚಿಗೆ ಗಾಜಿನ ನಾರು ಹಾಸಿದವನು ನಾನು;
ಮೈಯೆಲ್ಲ ತುರಿಕೆ, ಗಂಜಿಗೂ ರೆಸಿನ್ನಿನ ವಾಸನೆ.

ಸ್ಪಿರಿಟ್ಟಿನಲ್ಲಿ ಬೆರಳದ್ದಿ
ರೆಕ್ಕೆ ಕೊಳವೆಗೆ ಕೂಡುವ ಮೂಲೆಯಲ್ಲಿ
ಒಂದೇ ಎಳೆತ, ನಡುವೆ ನಿಲ್ಲಿಸಬಾರದು.
ಮೂಲೆ ಉಳಿದಲ್ಲಿ ನೀರು ಕಚ್ಚುತ್ತದೆ, ಎಂದೆ.
ಗಾಳಿಯೂ, ಎಂದಳು.
ಎಂಟು ಮೂಲೆ, ಎರಡು ರಾತ್ರಿ.
ಬೇರೆ ಮಾತು ಹೆಚ್ಚು ಆಡಲಿಲ್ಲ.

ಪ್ಯಾರಾಚೂಟಿನ ಹಾಳೆ ಮಡಿಕೆಯಲ್ಲೇ ಸೀಳಿತ್ತು.
ಕೊಡೆ ರಿಪೇರಿಯ ಮೋನಾಕರಿಗೆ ಡಿಸೆಂಬರಿನಲ್ಲಿ ಕೆಲಸವಿಲ್ಲ.
"ಕೋಲು ಬೇಡವಾ ಇದಕ್ಕೆ?"
"ಮಳೆಗಲ್ಲ, ಇಳಿಯಲಿಕ್ಕೆ."
ಎಂಟು ದಾರ ಹೊಲಿದು, ಅವಳು ಹೇಳಿದಲ್ಲಿ
ನಟ್ಟನಡುವೆ ಕತ್ತರಿ ಆಡಿಸಿ, ತಲೆ ಕೆರೆದುಕೊಂಡರು:
ಕೊಡೆಗೆ ತೂತು ಮಾಡಿ ದುಡ್ಡು ತಗೊಂಡದ್ದು ಮೊದಲ ಸಲ.

ನಡುವಿಗೆ ದಾರ ಕಟ್ಟಿ ಅಂಗಳದಲ್ಲಿ
ತಲೆಯ ಸುತ್ತ ಬೀಸಿ ನೋಡಿದಳು.
ಕುಡಿದವನ ಹಾಗೆ ಓಲಾಡಿತು, ಬಾಲ ಮುಂದೆ ಬಂತು.
ಮೂತಿ ಹಗುರ. ಹಳೇ ಬಲೆಯಿಂದ
ಸೀಸದ ಗುಂಡು ಎರಡು ಕಿತ್ತು ಕೊಟ್ಟೆ.
ಮೀನಿನ ಕಡೆಗೆ ಮುಳುಗಬೇಕಿದ್ದವು,
ಮೂತಿಯೊಳಗೆ ಅಂಟಿ ಕೂತವು.

ಠಾಣೆಗೆ ಅರ್ಜಿ ಕೊಡಲು ಹೋದೆವು.
"ದೀಪಾವಳಿ ಮುಗಿಯಿತಲ್ಲ?"
ಕೇಳಿದ ಎಸ್ಸೈ ಕೊನೆಗೆ
ಎಷ್ಟು ಮೇಲೆ ಹೋಗುತ್ತದೆಂದು ಎರಡು ಸಲ ಕೇಳಿದರು.

ಕಿದಿಯೂರಿನ ಕೊಯ್ದ ಗದ್ದೆ, ಭಾನುವಾರ.
ದೂಮಣ್ಣ ಪುತ್ರನ್ ಲೆಕ್ಕ ಹೇಳಿದ್ದರು:
ಬೆಳಿಗ್ಗೆ ಮೂಡುಗಾಳಿ, ಬಿಸಿಲೇರಿದ ಮೇಲೆ ಪಡುಗಾಳಿ,
ನಡುವೆ ಒಂದು ಬೀಡಿ ಸೇದುವಷ್ಟು ಹೊತ್ತು
ಗಾಳಿ ಯಾರದ್ದೂ ಅಲ್ಲ.
ಹೇಳಿದವರೇ ಬೀಡಿ ಹಚ್ಚಿದರು.
ಎಫ್ ಮೋಟಾರು, ಏಳು ಸೆಕೆಂಡಿನ ತಡ,
ಮೂವತ್ತಡಿ ವಯರು, ಅವಳ ಕೈಯಲ್ಲಿ ಬಟನ್ನು.
ಐನ್, ನಾಲ್, ಮೂಜಿ, ರಡ್ಡ್, ಒಂಜಿ

ಏನೂ ಇಲ್ಲ.
ಒಂದು ಬೆಳ್ಳಕ್ಕಿ ಕುತ್ತಿಗೆ ತಿರುಗಿಸಿತು.
ಒಂದು ನಿಮಿಷ ಹತ್ತಿರ ಹೋಗಬಾರದು.
ಅಷ್ಟು ಉದ್ದದ ನಿಮಿಷ ನನ್ನ ಮದುವೆಯಲ್ಲೂ ಇರಲಿಲ್ಲ.
ಹೊಸ ಇಗ್ನೈಟರ್ ಇಟ್ಟು ಅವಳು ಓಡಿ ಬರುವಾಗ
ದೂಮಣ್ಣ ಬೀಡಿಯನ್ನು ಹುಲ್ಲಿಗೆ ಒತ್ತಿ ಆರಿಸಿದರು.
ತೆಂಗಿನ ಗರಿಯೊಂದು ಆಡಿತು.

ಅವಳು ನನ್ನ ಮುಖ ನೋಡಿದಳು.
ಅಲೆ ಬಂದರೆ ದೋಣಿ ಮಗ್ಗುಲು ಕೊಡುವುದಿಲ್ಲ, ಮೂತಿ ಕೊಡುತ್ತದೆ.
ಕಡಲ ಕಡೆಗೆ ಎರಡು ಬೆರಳಷ್ಟು ಓರೆ ಮಾಡು, ಎಂದೆ.
ಹೇಳಿದ ಮೇಲೆ ಹೆದರಿದೆ.

ಹೊಸ ಕೋರಾ ಬಟ್ಟೆ ಸರಕ್ಕನೆ ಹರಿದ ಸದ್ದು.
ನಾನು ನೋಡುತ್ತಿದ್ದದ್ದು ರೆಕ್ಕೆಯ ಬುಡವನ್ನು, ನನ್ನ ಅಂಟನ್ನು;
ಅದು ಇದ್ದ ಜಾಗದಲ್ಲಿ ಹೊಗೆ ನಿಂತಿತ್ತು.
ನಾನು ಮಾಡಿದ್ದೆಲ್ಲ ನಿಧಾನ ಹೋಗುವಂಥದ್ದು,
ಕೈ ಬೀಸಲು ಸಮಯ ಕೊಡುವಂಥದ್ದು.
"ಮೇಲೆ, ಮಾಮ, ಮೇಲೆ!"
ನೀಲಿಯಲ್ಲಿ ಬಿಳಿ ಗೀರು, ಆಮೇಲೆ ಅದೂ ಇಲ್ಲ.
ಏಳರವರೆಗೆ ಯಾರೂ ಎಣಿಸಲಿಲ್ಲ,
ಎಲ್ಲರಿಗೂ ಗೊತ್ತಾಯಿತು.
ಟಪ್.
ಮೋನಾಕರ ತೂತಿನ ಕೊಡೆ ಅರಳಿತು.

ಕಡಲಿನತ್ತ ಹೋದದ್ದನ್ನು ಗಾಳಿಯೇ ತಿರುಗಿಸಿ ತಂದು
ಉದ್ದಿನ ಗದ್ದೆಯ ಕಟ್ಟಪುಣಿಗೆ ಹಾಕಿತು.
ಒಂದು ರೆಕ್ಕೆ ಅರ್ಧಕ್ಕೆ ಹೋಗಿತ್ತು.
ಮರ ಮುರಿದಿತ್ತು, ಬುಡ ಬಿಟ್ಟಿರಲಿಲ್ಲ.
ಹೇಳಬೇಕೆನಿಸಿತು, ಹೇಳಲಿಲ್ಲ;
ಅವಳೇ ಅಲ್ಲಿ ಹೆಬ್ಬೆರಳಿಟ್ಟು ಒತ್ತಿ ನೋಡುತ್ತಿದ್ದಳು.

ವಾಪಸು ಬಸ್ಸಿನಲ್ಲಿ ಕಂಡಕ್ಟರು
ನಮ್ಮ ಗೋಣಿ ಮೂಸಿ, ಮೂಗು ಸೊಟ್ಟ ಮಾಡಿ,
"ಒಳಗೆ ಮೀನು ಉಂಟಾ?" ಎಂದ.
ಇಲ್ಲ ಎಂದಳು. ಸುಮ್ಮನಿರಲಾರದೆ,
"ಸಾವಿರದಿನ್ನೂರು ಅಡಿ" ಎಂದಳು.
ಅವನು ಅರ್ಧ ಟಿಕೇಟು ಹರಿದ.